ಒಂದೇ ಹೊಂಡದ ಮೀನು

ಹೊಂಡದ ಏರಿಯ ಮೇಲೆ ನನ್ನ ತಮ್ಮ ಎರಡು ಮೀನು ಹಿಡಿದುಕೊಂಡು ನಿಂತಿದ್ದ. ಎರಡೂ ರೋಹು. ಬಲಗೈಯಲ್ಲಿದ್ದದ್ದು ಹೆಚ್ಚೂ ಕಡಿಮೆ ಒಂದು ಮೊಳ ಉದ್ದ, ಒಂದು ಕೆ.ಜಿ.ಗೆ ಮೋಸವಿಲ್ಲ. ಎಡಗೈಯಲ್ಲಿದ್ದದ್ದು ಒಂದು ಗೇಣು, ತೂಗಿದರೆ 150 ಗ್ರಾಂ ಬಂದರೆ ಹೆಚ್ಚು. 2021ರ ಆಗಸ್ಟಿನಲ್ಲಿ ಒಂದೇ ದಿನ, ಒಂದೇ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಿಂದ ಅವೆರಡನ್ನೂ ಅವನೇ ನೀರಿಗೆ ಬಿಟ್ಟಿದ್ದ. ಆಗ ಎಲ್ಲವೂ ಅವನ ಕಿರುಬೆರಳಿನಷ್ಟಿದ್ದವಂತೆ. ಈಗ 2022ರ ಜೂನ್. ಹತ್ತು ತಿಂಗಳು ಒಂದೇ ನೀರು ಕುಡಿದು, ಒಂದೇ ತೌಡು, ಒಂದೇ ಶೇಂಗಾ ಹಿಂಡಿ ತಿಂದ ಮೀನುಗಳು.

"ನೋಡಕ್ಕ, ಇದಕ್ಕೇನು ಕಡಿಮೆ ಮಾಡಿದ್ದೆ ನಾನು?" ಅಂದ.

ಬಲೆ ಎಳೆಯಲು ಬಂದಿದ್ದ ಹುಡುಗರು ನಕ್ಕರು. ನಾನೂ ನಗಬೇಕಾಗಿತ್ತು. ನಗು ಬರಲಿಲ್ಲ. ಆ ಮಾತು ನಮ್ಮ ಅವ್ವನದು. ಅಕ್ಷರ ಅಕ್ಷರವೂ ಅವಳದೇ. ಅವ್ವ ಅದನ್ನು ಹೇಳುತ್ತಿದ್ದದ್ದು ನನ್ನ ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಬಂದ ನೆಂಟರ ಮುಂದೆ. "ದೊಡ್ಡೋಳಿಗೂ ಅದೇ ಮುದ್ದೆ, ಇವಳಿಗೂ ಅದೇ ಮುದ್ದೆ. ಇವಳಿಗೇನು ಕಡಿಮೆ ಮಾಡಿದ್ದೆ ನಾನು? ತಿಂದದ್ದೆಲ್ಲ ಎಲ್ಲಿ ಹೋಗ್ತದೋ!"

ನಮ್ಮ ತವರು ಚನ್ನಗಿರಿ ಕಡೆ. ಭದ್ರಾ ಕಾಲುವೆಯ ನೀರು ಬಂದ ಮೇಲೆ ಗದ್ದೆಯಾದ ಊರು. ಅಪ್ಪ ಬಿಟ್ಟುಹೋದ ಜಮೀನಿನಲ್ಲಿ ಒಂದು ಮೂಲೆ ತಗ್ಗಾಗಿದ್ದು ಸದಾ ನೀರು ನಿಲ್ಲುತ್ತಿತ್ತು. ಭತ್ತವೂ ಸರಿಯಾಗಿ ಬಾರದ ಆ ಅರ್ಧ ಎಕರೆಯನ್ನು ತಮ್ಮ ಅಗೆಸಿ, ಏರಿ ಕಟ್ಟಿ, ಸುಣ್ಣ ಚೆಲ್ಲಿ, ಸಗಣಿ ಹಾಕಿ, ಒಂದು ಸಾವಿರ ಮರಿ ಬಿಟ್ಟ. ಕಾಟ್ಲಾ, ರೋಹು, ಮೃಗಾಲ್ ಮೂರೂ ಸೇರಿ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ; ಹೀಗಾಗಿ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ ಎಂದು ನನಗೆ ವಿವರಿಸಿದ್ದ. ಆದರೆ ರೋಹುವಿನ ತಟ್ಟೆಗೆ ರೋಹು ಕೈ ಹಾಕುತ್ತದಲ್ಲ, ಆ ಮಾತನ್ನು ಆಗ ನಾವಿಬ್ಬರೂ ಯೋಚಿಸಿರಲಿಲ್ಲ.

ಅವತ್ತು ಹಿಡಿದ ಮೀನುಗಳಲ್ಲಿ ಬಹುಪಾಲು ಮುಕ್ಕಾಲು ಕೆ.ಜಿ.ಯಿಂದ ಒಂದು ಕೆ.ಜಿ. ಇದ್ದವು. ಅರವತ್ತರಷ್ಟು ಮಾತ್ರ ಹೀಗೆ ಗೇಣುದ್ದಕ್ಕೆ ನಿಂತುಬಿಟ್ಟಿದ್ದವು. ಮೀನು ಕೊಳ್ಳಲು ಬಂದಿದ್ದ ವ್ಯಾಪಾರಿ ಅವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಇವು ಬೇಡ, ನೀವೇ ಸಾರು ಮಾಡ್ಕೊಳ್ರಿ" ಎಂದ. ಅವನು ಕಾಲಿನಿಂದ ಸರಿಸಿದ ರೀತಿ ನನ್ನನ್ನು ಚುಚ್ಚಿತು. ಮೀನಿನ ಮೇಲೆ ಇಂಥ ಮಮತೆಯೆ ಎಂದು ನೀವು ಕೇಳಬಹುದು. ಮೀನು ತಿನ್ನುವ ಮನೆ ನಮ್ಮದು. ದೊಡ್ಡದನ್ನು ನಾನೇ ಆರಿಸಿ ತೆಗೆದಿಟ್ಟುಕೊಂಡಿದ್ದೆ. ಮಮತೆಯ ಮಾತಲ್ಲ ಇದು. ಬೇರೆ ಏನೋ.

ಅವತ್ತು ಮಧ್ಯಾಹ್ನ ಮೀನು ಹಸನು ಮಾಡುವುದು ನನ್ನ ಪಾಲಿಗೆ ಬಂತು. ಹಿತ್ತಲಿನಲ್ಲಿ ಬೂದಿ ಹರಡಿಕೊಂಡು, ಈಳಿಗೆಮಣೆಯ ಮುಂದೆ ಕುಳಿತೆ. ಮೀನು ಮುಟ್ಟದ ಮನೆಯ ಓದುಗರು ಒಂದೆರಡು ಪ್ಯಾರಾ ಮೂಗು ಹಿಡಿದುಕೊಂಡಾದರೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಏಕೆಂದರೆ ನಾನು ಹೇಳಬೇಕಾದ ಮಾತು ಇರುವುದು ಮೀನಿನ ಹೊಟ್ಟೆಯಲ್ಲಿ.

ಮೀನು ಕೊಯ್ಯುವ ಹೆಂಗಸರಿಗೆಲ್ಲ ಒಂದು ವಿಷಯ ಗೊತ್ತು. ಬೇರೆ ಮೀನನ್ನು ನುಂಗಿ ಬದುಕುವ ಬಾಳೆಮೀನಿನಂಥದರ ಹೊಟ್ಟೆ ಸೀಳಿದರೆ ಚೀಲದಂಥ ಜಠರ ಸಿಗುತ್ತದೆ, ಕರುಳು ಗಿಡ್ಡ. ರೋಹು, ಕಾಟ್ಲಾದ ಹೊಟ್ಟೆ ಸೀಳಿದರೆ ಚೀಲವೇ ಇಲ್ಲ. ಉದ್ದಕ್ಕೆ ಕರುಳು, ಕರುಳು, ಕರುಳು. ಸುರುಳಿ ಬಿಚ್ಚಿದರೆ ಮೀನಿನ ಮೈಯ ಉದ್ದಕ್ಕಿಂತ ಎಷ್ಟೋ ಪಟ್ಟು. ಎಷ್ಟೋ ವರ್ಷ ಅದನ್ನು ಕಾಗೆಗೆ ಎಸೆದಿದ್ದೇನೆಯೇ ಹೊರತು ಯಾಕೆ ಹೀಗೆಂದು ಕೇಳಿಕೊಂಡಿರಲಿಲ್ಲ. ಗೆಂಡೆ ಜಾತಿಯ ಮೀನುಗಳಿಗೆ ಜಠರ ಇಲ್ಲ. ಬಾಯಲ್ಲಿ ಹಲ್ಲೂ ಇಲ್ಲ, ಗಂಟಲಿನಲ್ಲಿದೆ. ನಮ್ಮ ಹೊಟ್ಟೆಯಲ್ಲಿ ಹುಳಿರಸ ಸುರಿದು ಅರೆಯುವ ಕೆಲಸ ನಡೆಯುತ್ತದಲ್ಲ, ಅದು ಅವಕ್ಕಿಲ್ಲ. ತಿಂದದ್ದು ನೇರ ಕರುಳಿಗೆ. ಅರಗಿಸುವುದು, ಹೀರುವುದು, ರೋಗ ತಡೆಯುವುದು ಎಲ್ಲವೂ ಆ ಒಂದು ಕೊಳವೆಯ ಜವಾಬ್ದಾರಿ. ಮನೆಯಲ್ಲಿ ಒಬ್ಬಳೇ ಸೊಸೆ ಇದ್ದ ಹಾಗೆ. ಅವಳು ಮಲಗಿದರೆ ಮನೆ ಮಲಗಿತು.

ದೊಡ್ಡ ರೋಹುವಿನ ಕರುಳು ದಪ್ಪಗೆ, ಸುತ್ತ ಕೊಬ್ಬು ಅಂಟಿಕೊಂಡು ತುಂಬಿಕೊಂಡಿತ್ತು. ಸಣ್ಣದರದ್ದು ತೆಳ್ಳಗೆ, ಆಚೆ ಬದಿ ಕಾಣುವಷ್ಟು ತೆಳ್ಳಗೆ, ಹಸಿ ನೂಲಿನ ಹಾಗಿತ್ತು. ತಿಂದೇ ಇರಲಿಲ್ಲವೋ, ತಿಂದದ್ದು ಹಿಡಿದಿರಲಿಲ್ಲವೋ, ನೋಡಿ ಹೇಳುವ ವಿದ್ಯೆ ನನಗಿಲ್ಲ. ಆದರೆ ಆ ಎರಡು ಕರುಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ಕುಳಿತಿದ್ದೆ. ಅತ್ತಿಗೆ ಒಳಗಿನಿಂದ ಎರಡು ಸಲ ಕೂಗಿದ ಮೇಲೆ ಎದ್ದೆ.

ಆಮೇಲೆ ಓದಿದೆ. ನಿವೃತ್ತಿಯಾದ ಮೇಲೆ ನನಗೆ ಸಮಯಕ್ಕೇನೂ ಬರವಿಲ್ಲ. ಮೀನುಗಾರಿಕೆ ಕಾಲೇಜಿನಲ್ಲಿ ಓದಿ ಬಂದ ನೆರೆಮನೆಯ ಹುಡುಗಿ ತಿಳಿಯದ ಕಡೆ ಬಿಡಿಸಿ ಹೇಳಿದಳು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಟ್ಟೆಮೀನಿನ ಕಥೆ. ಜೀಬ್ರಾಫಿಶ್ ಎನ್ನುವ ಆ ಪುಟ್ಟ ಮೀನು ಮೂಲತಃ ನಮ್ಮ ಉಪಖಂಡದ ಹಳ್ಳಕೊಳ್ಳಗಳದೇ. ಅಂಗಡಿಯ ಗಾಜಿನ ತೊಟ್ಟಿಗಳಲ್ಲಿ ನೀವು ನೋಡಿರುತ್ತೀರಿ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದೂ ಸೂಕ್ಷ್ಮಜೀವಿ ಸೋಕದ ಹಾಗೆ ಅದರ ಮರಿಗಳನ್ನು ಬೆಳೆಸಿ ನೋಡಿದರು. ನಮ್ಮ ಲೆಕ್ಕದಲ್ಲಿ ಅವು ಪರಮ ಶುದ್ಧವಾಗಿ, ಮಡಿಯಲ್ಲಿ ಬೆಳೆದ ಮರಿಗಳು, ಗಟ್ಟಿಮುಟ್ಟಾಗಿರಬೇಕಿತ್ತು. ಆದರೆ ಅವುಗಳ ಕರುಳು ಸರಿಯಾಗಿ ಬಲಿಯಲೇ ಇಲ್ಲ. ಸಾಮಾನ್ಯ ಮರಿಗಳು ಹೀರಿಕೊಳ್ಳುವಂತೆ ಪ್ರೋಟೀನನ್ನು ಹೀರಿಕೊಳ್ಳಲು ಅವಕ್ಕೆ ಆಗಲಿಲ್ಲ. 2012ರಲ್ಲಿ ಇನ್ನೊಂದು ತಂಡ ಕೊಬ್ಬಿನ ವಿಷಯದಲ್ಲೂ ಹೀಗೇ ಕಂಡಿತು: ಕರುಳಿನೊಳಗಿನ ಜೀವಿಗಳು ಇದ್ದರೆ ಕೊಬ್ಬು ಹೆಚ್ಚು ಒಳಗೆ ಸೇರುತ್ತದೆ. ಗೆಂಡೆ, ತಿಲಾಪಿಯಾಗಳ ಕರುಳಿನಲ್ಲಿ ಬಿ-12 ಜೀವಸತ್ವವನ್ನು ತಯಾರಿಸುವ ಸೂಕ್ಷ್ಮಜೀವಿಗಳು ಇವೆ. ಆದ್ದರಿಂದ ಅವುಗಳ ಮೇವಿಗೆ ಅದನ್ನು ಬೇರೆಯಾಗಿ ಬೆರೆಸಬೇಕಾಗಿಲ್ಲ. (ಬಿ-12 ಸೂಜಿಗಾಗಿ ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಸಾಲು ನಿಲ್ಲುವ ನಮ್ಮ ಬೀದಿಯ ಹೆಂಗಸರಿಗೆ ಇದನ್ನು ಹೇಳಿದಾಗ, "ಮೀನಿನ ಪುಣ್ಯ" ಎಂದರು.)

ಅಂದರೆ ಮೀನು ಒಂಟಿಯಾಗಿ ಉಣ್ಣುವುದಿಲ್ಲ. ಅದರ ಒಳಗೆ ಇನ್ನೊಂದು ಸಂಸಾರವಿದೆ. ಆ ಸಂಸಾರ ನೆಟ್ಟಗಿದ್ದರೆ ಉಂಡದ್ದು ಮೈಗೆ ಹತ್ತುತ್ತದೆ. ಕೆಟ್ಟ ನೀರು, ಕೊಳೆತ ಮೇವು, ವಿಪರೀತ ಔಷಧಿ, ಕರುಳಿಗೆ ಅಂಟಿಕೊಂಡ ಲಾಡಿಹುಳ, ಇವುಗಳಲ್ಲಿ ಯಾವುದರಿಂದಾದರೂ ಆ ಸಂಸಾರ ಮುರಿದರೆ ತಟ್ಟೆ ತುಂಬಿದ್ದೂ ಹೊಟ್ಟೆ ಬರಿದು.

ಇನ್ನೊಂದು ವಿಷಯವನ್ನು ತಮ್ಮನೇ ತೋರಿಸಿದ. ತೂತು ಮಾಡಿದ ಚೀಲಕ್ಕೆ ತೌಡು, ಹಿಂಡಿ ತುಂಬಿ, ಗಳಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ. ಮೀನುಗಳು ಬಂದು ತೂತಿನಿಂದ ಚೀಪುತ್ತವೆ. ಅವನು ಇಡೀ ಹೊಂಡಕ್ಕೆ ಎರಡೇ ಚೀಲ ಕಟ್ಟಿದ್ದ. ಸಂಜೆ ನೋಡುತ್ತ ಕುಳಿತರೆ ಚೀಲದ ಸುತ್ತ ದೊಡ್ಡವೇ ದೊಡ್ಡವು, ಬಾಲ ಬಡಿದುಕೊಂಡು. ಸಣ್ಣವು ಹೊರಗೆ ಸುತ್ತುತ್ತಿರುತ್ತವೆ. ಹಾಗೆ ತಳ್ಳಿಸಿಕೊಂಡ ಮೀನಿನ ರಕ್ತದಲ್ಲಿ ಒತ್ತಡದ ರಸ ಏರುತ್ತದೆ, ಅದರಿಂದ ಹಸಿವೂ ಜೀರ್ಣವೂ ಕುಗ್ಗುತ್ತವೆ. ಕುಗ್ಗಿದ್ದು ಬೆಳೆಯುವುದಿಲ್ಲ, ಬೆಳೆಯದ್ದನ್ನು ನಾಳೆ ಇನ್ನೂ ಜೋರಾಗಿ ತಳ್ಳುತ್ತವೆ. ಒಂದೇ ಸಲ ಬಿಟ್ಟ ಮರಿಗಳಲ್ಲಿ ದೊಡ್ಡದರ ಮತ್ತು ಸಣ್ಣದರ ಕರುಳಿನ ಸೂಕ್ಷ್ಮಜೀವಿಗಳನ್ನು ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಆದರೆ ಆ ವ್ಯತ್ಯಾಸದಿಂದ ಅದು ಸಣ್ಣದಾಯಿತೋ, ಸಣ್ಣದಾದ್ದರಿಂದ ಕರುಳು ಹಾಗಾಯಿತೋ ಎನ್ನುವುದು ಅಷ್ಟು ಸುಲಭವಾಗಿ ಬಿಡಿಸುವ ಗಂಟಲ್ಲ. ಮೊದಲ ದಿನ ಕೂದಲೆಳೆಯಷ್ಟಿದ್ದ ಅಂತರ ಹತ್ತು ತಿಂಗಳಿಗೆ ಮೊಳಕ್ಕೂ ಗೇಣಿಗೂ ಇರುವ ಅಂತರವಾಗುತ್ತದೆ. ಆಮೇಲೆ ನಾವು ಬಂದು ಸಣ್ಣದನ್ನು ಕೈಯಲ್ಲಿ ಎತ್ತಿ ಹಿಡಿದು, ನಿನಗೇನು ಕಡಿಮೆ ಮಾಡಿದ್ದೆ ಎನ್ನುತ್ತೇವೆ.

ನಮ್ಮ ಮನೆಯಲ್ಲಿ ಆ ಚೀಲದ ಸುತ್ತ ಬಾಲ ಬಡಿಯುತ್ತಿದ್ದದ್ದು ನಾನು.

ನನಗೂ ತಂಗಿಗೂ ಎರಡು ವರ್ಷದ ಅಂತರ. ಅವ್ವ ಇಬ್ಬರಿಗೂ ಒಂದೇ ಸಲ ಬಡಿಸುತ್ತಿದ್ದಳು, ಒಂದೇ ಅಳತೆ, ಒಂದು ಮುದ್ದೆ, ಒಂದು ಸೌಟು ಸಾರು. ಅದರಲ್ಲಿ ಅವಳಷ್ಟು ಕಟ್ಟುನಿಟ್ಟಿನವಳನ್ನು ನಾನು ಕಾಣೆ. ನಾನು ಗಬಗಬ ಮುಗಿಸಿ ಮತ್ತೆ ಕೈ ಚಾಚುತ್ತಿದ್ದೆ. ತಂಗಿ ತುತ್ತು ಉರುಳಿಸುತ್ತ ಕುಳಿತಿರುತ್ತಿದ್ದಳು. "ಹೊಟ್ಟೆ ನೋಯ್ತದೆ" ಅನ್ನುತ್ತಿದ್ದಳು. ಅವಳ ತಟ್ಟೆಯಲ್ಲಿ ಉಳಿದದ್ದು ಎಷ್ಟೋ ದಿನ ನನ್ನ ಪಾಲಾಗುತ್ತಿತ್ತು. ಅದಿರಲಿ, ಮಕ್ಕಳೆಂದರೆ ಹಾಗೇ. ಆದರೆ ಇನ್ನೊಂದು ದಿನದ ಮಾತಿದೆ, ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಆಗ ನನಗೆ ಹನ್ನೊಂದು, ಅವಳಿಗೆ ಒಂಬತ್ತು. ಅವ್ವ ನನ್ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳು, ಅವಳಿಗೆ ಹೊಟ್ಟೆ ನೋವು ನಿಜವಾಗಿ ಬರ್ತದಾ?" ಎಂದು ಕೇಳಿದಳು. ಅವ್ವನ ಮುಖದಲ್ಲಿ ಅನುಮಾನಕ್ಕಿಂತ ಭಯ ಇತ್ತು ಎಂದು ಈಗ ಅನ್ನಿಸುತ್ತದೆ. ಆಸ್ಪತ್ರೆಗೆ ಕರೆದೊಯ್ಯಬೇಕೋ ಬೇಡವೋ ಎಂದು ತೀರ್ಮಾನಿಸಲು ಅವಳಿಗೆ ಒಬ್ಬ ಸಾಕ್ಷಿ ಬೇಕಿತ್ತು. ನಾನು ಹೇಳಿದೆ: "ಇಲ್ಲವ್ವ, ನಾಟಕ. ಸಾಲಿ ತಪ್ಪಿಸಾಕೆ."

ಯಾಕೆ ಹಾಗೆ ಹೇಳಿದೆ? ಹೊಟ್ಟೆಕಿಚ್ಚಲ್ಲ. ಅವಳ ಮೇಲೆ ಸಿಟ್ಟೂ ಇರಲಿಲ್ಲ. ನನಗೆ ನೋಯುತ್ತಿರಲಿಲ್ಲ, ಅಷ್ಟೆ. ಅದೇ ಮುದ್ದೆ ತಿಂದ ನನಗೆ ನೋಯದೆ ಇದ್ದದ್ದು ಅವಳಿಗೆ ಹೇಗೆ ನೋಯುತ್ತದೆ ಎಂದು ನಿಜವಾಗಿಯೂ ನಂಬಿದ್ದೆ. ಸುಳ್ಳು ಹೇಳಿದೆನೆಂದು ಆಗ ಅನ್ನಿಸಿರಲೇ ಇಲ್ಲ.

ನಾಲ್ಕು ವರ್ಷ ಕಳೆದ ಮೇಲೆ, ಸೋದರಮಾವನ ಮನೆಗೆ ಹೋಗಿದ್ದಾಗ ಅವಳು ಬಚ್ಚಲಿನಲ್ಲಿ ತಲೆ ಸುತ್ತಿ ಬಿದ್ದಳು. ಮಾವ ಪಟ್ಟಣದ ಡಾಕ್ಟರಿಗೆ ತೋರಿಸಿದರು. ಮಲ ಪರೀಕ್ಷೆ, ರಕ್ತ ಪರೀಕ್ಷೆ. ಕೊಕ್ಕೆಹುಳು. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಡಾಕ್ಟರು ಮಾತ್ರೆ ಕೊಟ್ಟರು, ಕಬ್ಬಿಣದ ಟಾನಿಕ್ಕು ಬರೆದರು. ಆರು ತಿಂಗಳಲ್ಲಿ ಅವಳ ಕೆನ್ನೆಗೆ ಬಣ್ಣ ಬಂತು. ಅವ್ವ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ನಾನು ಮಾತ್ರ ಅವತ್ತಿನಿಂದ ಒಂದು ಲೆಕ್ಕವನ್ನು ಬಾಕಿ ಇಟ್ಟುಕೊಂಡೇ ಬಂದೆ.

ಒಂದೇ ತಟ್ಟೆ ಸರಿ. ನನಗೆ ಬರದ ಹುಳು ಅವಳಿಗೆ ಯಾಕೆ ಬಂತು? ಕೊಕ್ಕೆಹುಳು ಬಾಯಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಬರಿಗಾಲಿನ ಚರ್ಮದಿಂದ ಬರುತ್ತದೆ. ಜನ ಬಯಲಿಗೆ ಹೋದ ಕಡೆಯ ಹಸಿ ಮಣ್ಣಿನಲ್ಲಿ ಅದರ ಮರಿ ಕಾದಿರುತ್ತದೆ. ನಮ್ಮೂರಿನಲ್ಲಿ ಆ ಜಾಗ ಕಾಲುವೆಯ ಏರಿ. ಎಮ್ಮೆ ಹೊಡೆದುಕೊಂಡು ದಿನಾ ಆ ಏರಿಯ ಮೇಲೆ ಹೋಗುತ್ತಿದ್ದವಳು ತಂಗಿ. ನನಗೆ ದೊಡ್ಡ ಸಾಲಿಗೆ ಹೋಗುವುದಕ್ಕೆ ಅಂತ ಅಪ್ಪ ಚಪ್ಪಲಿ ಕೊಡಿಸಿದ್ದರು. ಅವಳಿಗೆ ಕೊಡಿಸಿರಲಿಲ್ಲ. "ನಿನಗ್ಯಾಕೆ, ನೀನು ಇಲ್ಲೇ ಇರ್ತೀಯಲ್ಲ" ಅಂದಿದ್ದರು.

ನೋಡಿ, ತಟ್ಟೆಯಲ್ಲಿ ಕಾಣುವ ಸಮಾನತೆಯ ಲೆಕ್ಕವನ್ನು ಅವ್ವ ಇಟ್ಟಿದ್ದಳು. ಪಾದದ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಅಮರ್ತ್ಯ ಸೇನರು 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಕೊಟ್ಟ ಒಂದು ಉಪನ್ಯಾಸದ ತಲೆಬರಹವೇ ಒಂದು ಪ್ರಶ್ನೆ: ಸಮಾನತೆ ಎಂದರೆ ಯಾವುದರ ಸಮಾನತೆ? ಎಲ್ಲರಿಗೂ ಸಮನಾಗಿ ಕೊಟ್ಟೆವು ಎಂದರೆ ಸಾಲದು, ಕೊಟ್ಟದ್ದು ಆ ಮನುಷ್ಯನಿಗೆ ಏನಾಗಿ ಪರಿಣಮಿಸಿತು ಎಂದು ನೋಡಬೇಕು ಎನ್ನುವುದು ಅವರ ವಾದ. 1985ರಲ್ಲಿ ಬಂದ ಅವರ ಒಂದು ಪುಸ್ತಕದಲ್ಲಿ ಆಹಾರ ಪೌಷ್ಟಿಕತೆಯಾಗಿ ಮಾರ್ಪಡುವುದು ಏನನ್ನೆಲ್ಲ ಅವಲಂಬಿಸಿದೆ ಎಂಬ ಪಟ್ಟಿ ಇದೆ. ಮೈಯ ಗಾತ್ರ, ವಯಸ್ಸು, ಹೆಣ್ಣೋ ಗಂಡೋ, ಮಾಡುವ ದುಡಿಮೆ, ಅದರ ಜೊತೆಗೆ ಹೊಟ್ಟೆಯಲ್ಲಿ ಹುಳುಗಳಿವೆಯೋ ಇಲ್ಲವೋ ಎನ್ನುವುದೂ. ದೊಡ್ಡ ಅರ್ಥಶಾಸ್ತ್ರಜ್ಞರ ಪುಸ್ತಕದಲ್ಲಿ ಹೊಟ್ಟೆಹುಳುವನ್ನು ಕಂಡಾಗ ನನಗೆ ತವರಿನವರು ಸಿಕ್ಕ ಹಾಗಾಯಿತು.

ಹಾಗಾದರೆ ಅವ್ವ ತಪ್ಪಿತಸ್ಥಳೆ? ಇದೇ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಸಮನಾಗಿ ಬಡಿಸಿದವಳು ತಾನು ಮಾಡಬೇಕಾದ್ದನ್ನು ಮಾಡಿದ್ದಾಳೆ ಎಂದು ಬಿಟ್ಟುಬಿಡಬಹುದೆ? ಹುಳುವಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಯಾರನ್ನೂ ದೂರಬಾರದು ಎನ್ನುತ್ತೇವೆ. ಆದರೆ ಅವಳ ಆ ಮಾತು ಇದೆಯಲ್ಲ, "ನಾನೇನು ಕಡಿಮೆ ಮಾಡಿದ್ದೆ" ಎನ್ನುವುದು, ಅದು ಬರೀ ತಿಳಿಯದವರ ಮಾತಲ್ಲ. ಅದರಲ್ಲಿ ತನ್ನನ್ನು ಬಿಡಿಸಿಕೊಳ್ಳುವ ಅವಸರವಿದೆ. ತಪ್ಪು ನನ್ನದಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡು, ಆಮೇಲೆ ಉಳಿದದ್ದನ್ನೆಲ್ಲ ಮಗುವಿನ ಮೇಲೆ ಹಾಕುತ್ತೇವೆ. ನಾನು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. "ಎಲ್ಲರಿಗೂ ಒಂದೇ ಪಾಠ ಮಾಡಿದ್ದೀನಿ, ಇವನ ತಲೆಗೇ ಹತ್ತೋದಿಲ್ಲ" ಎಂದು ತಂದೆತಾಯಿಗಳ ಮುಂದೆ ಎಷ್ಟು ಸಲ ಹೇಳಿದ್ದೇನೋ. ಅವ್ವನನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಪಕ್ಕದಲ್ಲಿ ನನಗೂ ಜಾಗ ಬಿಡಬೇಕು. ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದು ಉಂಡವಳು, ಅವಳ ತಟ್ಟೆಯ ಅಳತೆಯನ್ನೂ ಯಾರೂ ತೆಗೆದಿರಲಿಲ್ಲ. ಅವಳ ಮೇಲಿನ ಸಿಟ್ಟು ಈ ಜಾಗಕ್ಕೆ ಬಂದು ನಿಂತುಬಿಡುತ್ತದೆ.

ಇಷ್ಟೆಲ್ಲ ಓದಿಕೊಂಡು ಹೋಗಿ ನಾನು ತಮ್ಮನಿಗೆ ಭಾಷಣ ಮಾಡಿದೆ. ಅವನು ಪೂರ್ತಿ ಕೇಳಿ, "ಎಲ್ಲಾ ಸಣ್ಣ ಮೀನಿಗೂ ಅನ್ಯಾಯ ಆಗಿರಲ್ಲಕ್ಕ. ಕೆಲವು ಹುಟ್ಟೋದೇ ಹಂಗೆ" ಅಂದ. ಅದೂ ಸುಳ್ಳಲ್ಲ. ಬೆಳೆಯುವ ಗುಣ ತಾಯಿತಂದೆಯಿಂದ ಬರುತ್ತದೆ. ಭುವನೇಶ್ವರದ ಸಿಹಿನೀರು ಮೀನು ಸಂಸ್ಥೆಯವರು ನಾರ್ವೆ ದೇಶದವರ ಜೊತೆ ಸೇರಿ, ಚೆನ್ನಾಗಿ ಬೆಳೆದ ರೋಹುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ 'ಜಯಂತಿ' ಎಂಬ ತಳಿ ಮಾಡಿದರು. 1997ರಲ್ಲಿ, ಸ್ವಾತಂತ್ರ್ಯದ ಚಿನ್ನದ ಹಬ್ಬದ ವರ್ಷ, ಅದು ಹೊರಬಂತು. ಅದು ಬೇಗ ಬೆಳೆಯುತ್ತದೆ. ಮೀನು ಸಾಕುವವರು ಮರಿಗಳನ್ನು ಜರಡಿ ಹಿಡಿದು ದೊಡ್ಡದು ಸಣ್ಣದು ಬೇರೆ ಮಾಡುವುದೂ ಸರಿಯೇ. ಬೇರೆ ಮಾಡಿದರೆ ಸಣ್ಣವು ಸಣ್ಣವರ ನಡುವೆ ನೆಮ್ಮದಿಯಿಂದ ತಿನ್ನುತ್ತವೆ. ಬ್ಯಾಂಕಿನ ಸಾಲ ಇರುವವನು ನನ್ನ ಹಾಗೆ ಕರುಳು ನೋಡುತ್ತ ಕೂರಲಾಗದು.

ಆದರೂ ಒಂದು ಕಡೆ ಈ ಆಯ್ಕೆ ನನ್ನ ಮನಸ್ಸಿಗೆ ಮುಳ್ಳಾಗಿದೆ. ತಿಲಾಪಿಯಾ ಮೀನಿನಲ್ಲಿ ಹೆಣ್ಣಿಗಿಂತ ಗಂಡು ಬೇಗ ಬೆಳೆಯುತ್ತದೆ. ಕಾರಣ, ಹೆಣ್ಣು ತಿಂದದ್ದು ಮೊಟ್ಟೆಗೆ ಹೋಗುತ್ತದೆ. ಅಷ್ಟೇ ಅಲ್ಲ, ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಆ ದಿನಗಳಲ್ಲಿ ತಾಯಿ ಸರಿಯಾಗಿ ತಿನ್ನುವುದೇ ಇಲ್ಲ. ಬಾಯಿ ತುಂಬ ಮಕ್ಕಳಿರುವಾಗ ಏನನ್ನು ತಿಂದೀತು? ಹಾಗಾಗಿ ಅನೇಕ ದೇಶಗಳ ಸಾಕಣೆ ಕೇಂದ್ರಗಳಲ್ಲಿ ಈಗಷ್ಟೇ ಈಜಲು ಕಲಿತ ಮರಿಗಳಿಗೆ ಗಂಡು ಹಾರ್ಮೋನು ಬೆರೆಸಿದ ಮೇವು ತಿನ್ನಿಸಿ ಎಲ್ಲವನ್ನೂ ಗಂಡಾಗಿಸುತ್ತಾರೆ. ಅದರ ಲೆಕ್ಕ ನನಗೆ ಅರ್ಥವಾಗುತ್ತದೆ. ಮೀನು ಮೀನೇ, ಹುಡುಗಿಯಲ್ಲ ಎನ್ನುವುದೂ ಗೊತ್ತು. ಆದರೆ ಬೆಳೆಯಲಿಲ್ಲ ಎಂದು ಲೆಕ್ಕ ಹಾಕುವಾಗ ಅದು ತಿಂದದ್ದನ್ನು ಯಾರಿಗೆ ಕೊಟ್ಟಿತು ಎನ್ನುವ ಕಾಲಮ್ಮೇ ಆ ಪುಸ್ತಕದಲ್ಲಿಲ್ಲ. ಸಾಮಾನ್ಯ ಗೆಂಡೆಯಲ್ಲಿ ಇದು ತಿರುಗುಮುರುಗು, ಅಲ್ಲಿ ಹೆಣ್ಣೇ ದೊಡ್ಡದು. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ಅರವತ್ತು ಸಣ್ಣ ಮೀನುಗಳ ಕಥೆ ಹೇಳುವುದು ಉಳಿಯಿತು. ನೆರೆಮನೆಯ ಹುಡುಗಿ ಆಂಧ್ರದ ಒಂದು ಪದ್ಧತಿ ಹೇಳಿದ್ದಳು. ಅಲ್ಲಿನ ಕೊಲ್ಲೇರು ಸರೋವರದ ಸುತ್ತಿನ ರೈತರು ಬೇಕೆಂದೇ ಮರಿಗಳನ್ನು ಒತ್ತೊತ್ತಾಗಿ ಬಿಟ್ಟು, ಮೇವು ಕಡಿಮೆ ಹಾಕಿ, ಒಂದು ವರ್ಷ ಕುಗ್ಗಿಸಿ ಇಡುತ್ತಾರೆ. ಆಮೇಲೆ ದೊಡ್ಡ ಹೊಂಡಕ್ಕೆ ಬಿಟ್ಟು ಹೊಟ್ಟೆ ತುಂಬ ಹಾಕಿದರೆ, ಕುಗ್ಗಿದ್ದ ಮೀನು ಕಳೆದುಕೊಂಡ ಕಾಲವನ್ನು ಹಿಡಿಯುವಂತೆ ಭರಭರನೆ ಬೆಳೆಯುತ್ತದೆ. ಜಾಗ ಸಿಕ್ಕಿದ್ದರೆ ಬೆಳೆಯಬಲ್ಲ ಮೀನು ಅದು. ಬೆಳೆಯಲಾರದ್ದು ಎಂದು ನಾವು ತಿಳಿದಿದ್ದು ಬೆಳೆಯಲು ಬಿಡದೆ ಇದ್ದದ್ದು ಮಾತ್ರ.

ನಾನು ಹಟ ಹಿಡಿದೆ. ವ್ಯಾಪಾರಿ ಒದ್ದು ಸರಿಸಿದ್ದವುಗಳಲ್ಲಿ ಜೀವ ಇದ್ದವನ್ನು ತಮ್ಮ ಅವತ್ತೇ ಗೊಣಗುತ್ತ ತೊಟ್ಟಿಗೆ ಹಾಕಿದ್ದ. ಸಾರಿಗೆ ಹೋದವು ಹೋಗಿ ಐವತ್ತು ಉಳಿದಿದ್ದವು. ಹೊಂಡ ಬತ್ತಿಸಿ, ತಳದ ಕೊಳೆತ ಕೆಸರು ಎತ್ತಿಸಿ, ಬಿಸಿಲಿಗೆ ಒಣಗಿಸಿ, ಸುಣ್ಣ ಹಾಕಿ, ಹೊಸ ನೀರು ತುಂಬಿಸಿ, ಒಂದು ಬದಿಗೆ ಬಲೆ ಕಟ್ಟಿ ಬೇರೆ ಮಾಡಿ ಬಿಟ್ಟ. ಎರಡು ಚೀಲದ ಬದಲು ಆರು ಕಟ್ಟಿದ. ಪೇಟೆಯಿಂದ ಯಾವುದೋ ಪ್ರೋಬಯಾಟಿಕ್ ಪುಡಿಯನ್ನೂ ತಂದ. ಮೀನಿಗೂ ಮೊಸರು ತಿನ್ನಿಸುವ ಕಾಲ ಬಂತೆಂದು ಅತ್ತಿಗೆ ನಕ್ಕಳು. "ಇದು ನಿನ್ನ ಖಾತೆ, ಬೆಳೀಲಿಲ್ಲ ಅಂದರೆ ಹಿಂಡಿ ದುಡ್ಡು ನೀನೇ ಕೊಡಬೇಕು" ಎಂದು ತಮ್ಮ ನನಗೆ ಹೇಳಿದ್ದ.

2023ರ ಮೇ ತಿಂಗಳಲ್ಲಿ ಬಲೆ ಎಳೆಯುವ ದಿನ ತಂಗಿಯೂ ಬಂದಿದ್ದಳು. ಅವಳು ಶಿವಮೊಗ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಾಲ್ಕು ಹುಡುಗಿಯರು ಅವಳ ಕೈಕೆಳಗೆ ಕೆಲಸ ಮಾಡುತ್ತಾರೆ. ನಾನು 5 ಅಡಿ 3 ಅಂಗುಲ, ಅವಳು 4 ಅಡಿ 8 ಅಂಗುಲ. ಹುಳು ಹೋದ ಮೇಲೆ ಅವಳು ಸ್ವಲ್ಪ ಬೆಳೆದಳು, ಪೂರ್ತಿ ಬೆಳೆಯಲಿಲ್ಲ. ಮನುಷ್ಯರ ಮಕ್ಕಳಿಗೆ ಬೆಳೆಯಲು ಇರುವ ವರ್ಷಗಳು ಲೆಕ್ಕದವು. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10ರಂದು ಮಕ್ಕಳಿಗೆ ಹುಳುವಿನ ಮಾತ್ರೆ ಕೊಡುವಾಗೆಲ್ಲ, ಒಂದು ಪುಟ್ಟ ಮಾತ್ರೆ ಇಷ್ಟು ತಡವಾಗಿ ಬಂತಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಬಲೆ ಬಂತು. ಐವತ್ತರಲ್ಲಿ ಮೂವತ್ತೊಂಬತ್ತು ಅರ್ಧ ಕೆ.ಜಿ. ದಾಟಿದ್ದವು. ಕೆಲವು ಒಂದು ಕೆ.ಜಿ.ಗೆ ಹತ್ತಿರ. ತಮ್ಮ ನನ್ನ ಕಡೆ ನೋಡಿ ಏನೂ ಹೇಳಲಿಲ್ಲ, ಅದೇ ಅವನ ಒಪ್ಪಿಗೆ. ಹನ್ನೊಂದು ಮಾತ್ರ ಹಾಗೇ ಇದ್ದವು. ಒಳ್ಳೆಯ ನೀರು, ಬೇರೆ ಜಾಗ, ಆರು ಚೀಲ, ಪುಡಿ, ಏನೂ ಅವನ್ನು ಮುಟ್ಟಿರಲಿಲ್ಲ. ನಾನು ಅವನ್ನು ನೋಡುತ್ತ ನಿಂತೆ. ಇವುಗಳಿಗೆ ಇನ್ನೇನು ಕಡಿಮೆ ಮಾಡಿದ್ದೆವು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಹಿತ್ತಲಿನಲ್ಲಿ ಮೀನು ಹಸನು ಮಾಡುತ್ತ ಇಬ್ಬರೇ ಕುಳಿತಿದ್ದಾಗ ತಂಗಿಗೆ ಹೇಳಿಯೇಬಿಟ್ಟೆ. ಅವತ್ತು ಅವ್ವ ಕೇಳಿದ್ದು, ನಾನು ನಾಟಕ ಅಂದದ್ದು, ಆಮೇಲಿನ ನಾಲ್ಕು ವರ್ಷ. ಹೇಳುವಾಗ ಗಂಟಲು ಕಟ್ಟಿತು. ಅವಳು ಈಳಿಗೆಯಿಂದ ಕಣ್ಣೆತ್ತಲಿಲ್ಲ.

"ನೀನು ಹೇಳಿದ್ದು ನಂಗೆ ಗೊತ್ತೇ ಇರಲಿಲ್ಲ ಬಿಡಕ್ಕ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಚಪ್ಪಲಿ ಮಾತ್ರ ಗೊತ್ತೈತಿ. ಕೆಂಪು ಪಟ್ಟೀದು. ನೀನು ರಾತ್ರಿ ತಲೆದಿಂಬಿನ ಹತ್ರ ಇಟ್ಕೊಂಡು ಮಲಗ್ತಿದ್ದೆ."

ನನಗೆ ಅದು ನೆನಪೇ ಇರಲಿಲ್ಲ. ಪಟ್ಟಿಯ ಬಣ್ಣ ಕೂಡ.

"ನಾನು ಗಿಡ್ಡ ಇದ್ದೀನಿ ಅಂತ ನಿಂಗ್ಯಾಕಕ್ಕ ಇಷ್ಟು ಬ್ಯಾಸರ? ನಂಗಿಲ್ಲ" ಎಂದು ಅವಳೇ ಮುಂದುವರಿಸಿದಳು. "ನೀನು ಮೀನು ಅಳೀತೀಯ, ನನ್ನ ಅಳೀತೀಯ. ನಾನು ದಿನಾ ಟೇಪು ಹಿಡಿದು ಮಂದಿ ಅಳಿಯೋಳು. ಅಳತಿ ತಗೊಳೋದು ಬಟ್ಟೆ ಸರಿಯಾಗಿ ಕೂರಲಿ ಅಂತ."

ನಾನು ಉತ್ತರ ಕೊಡಲಿಲ್ಲ. ತಮ್ಮ ಬಂದು ಆ ಹನ್ನೊಂದು ಮೀನಿದ್ದ ಬಕೆಟ್ಟು ಮುಂದಿಟ್ಟು, "ಇವನ್ನೇನು ಮಾಡ್ಲಿ, ಮತ್ತೆ ಬಿಡ್ಲಾ?" ಎಂದು ಕೇಳಿದ. ನಾನು ತಂಗಿಯ ಮುಖ ನೋಡಿದೆ. ಅವಳು ಬಕೆಟ್ಟಿನೊಳಗೆ ಬಗ್ಗಿ ನೋಡಿ, "ಹುರಿಯಾಕೆ ಸರಿಯಾಗ್ತಾವೆ" ಅಂದಳು.

ಖಾರ, ಅರಿಶಿನ, ಹುಣಸೆಹುಳಿ ಹಚ್ಚಿ ಕಾವಲಿಯ ಮೇಲೆ ಹಾಕಿದ್ದಾಯಿತು. ಸಣ್ಣ ರೋಹುವಿನಲ್ಲಿ ಮುಳ್ಳು ಬಹಳ. ನಾನು ಒಂದೊಂದಾಗಿ ಬಿಡಿಸುತ್ತ ಕುಳಿತೆ. ತಂಗಿ ತನ್ನ ಪಾಲಿನದ್ದನ್ನು ಮುಗಿಸಿ, ನನ್ನ ತಟ್ಟೆಯಲ್ಲಿದ್ದ ಒಂದನ್ನು ಕೇಳದೆಯೇ ಎತ್ತಿಕೊಂಡಳು.